ಹೊಟ್ಟೆ ಕೊಬ್ಬಿಂದ ಶ್ವಾಸಕೋಶ ರಿಪೇರಿ ಆಗುತ್ತಾ?

ಪ್ರಶ್ನೆ: ಅಪ್ಪಾಜಿಗೆ 66 ವರ್ಷ, ಬೀಡಿ ಸೇದಿ ಸೇದಿ ಈಗ ಸಿಒಪಿಡಿ (ಶ್ವಾಸಕೋಶ ಹಾಳಾಗಿ ಉಸಿರಾಡೋಕೆ ಕಷ್ಟ ಆಗೋ ದೀರ್ಘಕಾಲದ ಕಾಯಿಲೆ), ಬಚ್ಚಲಿಗೆ ಹೋಗಿ ಬರೋದ್ರೊಳಗೆ ಏದುಸಿರು. ಹೊಟ್ಟೆ ಕೊಬ್ಬಿಂದ ಸ್ಟೆಮ್ ಸೆಲ್ ತೆಗೆದು ಡ್ರಿಪ್ಪಲ್ಲಿ ಕೊಟ್ರೆ ಶ್ವಾಸಕೋಶ ಸರಿಹೋಗುತ್ತೆ ಅಂತ ಒಂದು ಕ್ಲಿನಿಕ್‌ನವರು ಹೇಳ್ತಿದಾರೆ. ಸೈಟ್ ಮಾರಿ ಮಾಡಿಸ್ಲಾ ಸರ್?
– ಓದುಗರು, ದಾವಣಗೆರೆ

ಉತ್ತರ: ಸೈಟ್ ಮಾತ್ರ ಮಾರ್ಬೇಡಿ. ಕೊಬ್ಬಲ್ಲಿ ಸ್ಟೆಮ್ ಸೆಲ್ ಅಂದ್ರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಜೀವಕೋಶಗಳು ಇರೋದೇನೋ ನಿಜ, ರಕ್ತನಾಳಕ್ಕೆ ಬಿಟ್ರೆ ಹೃದಯ ದಾಟಿ ಅವಕ್ಕೆ ಮೊದಲು ಸಿಗೋದೇ ಶ್ವಾಸಕೋಶದ ಕೂದಲೆಳೆಗಿಂತ ಸಣ್ಣ ನಾಳಗಳು, ಅಲ್ಲೇ ಸಿಕ್ಕಾಕೊಳ್ತವೆ, ಅದನ್ನೇ 'ನೇರ ಲಂಗ್ಸ್‌ಗೇ ಹೋಗುತ್ತೆ ನೋಡಿ' ಅಂತ ಮಾರ್ತಾರೆ (ಮಾತಿಗೇನು, ಚೆನ್ನಾಗೇ ಇದೆ!). ಆದ್ರೆ ಹೆಚ್ಚಿನವು ಕೆಲವೇ ದಿನದಲ್ಲಿ ಸತ್ತೋಗ್ತವೆ, ಗಂಟು ಕಟ್ಟಿದ್ರೆ ನಾಳ ಬ್ಲಾಕ್ ಆಗೋ ಭಯ ಬೇರೆ. ಸಿಒಪಿಡಿಯಲ್ಲಿ ಹರಿದುಹೋದ ಗಾಳಿಗೂಡಿನ ಗೋಡೆ ಇದರಿಂದ ಮತ್ತೆ ಕಟ್ಟಿಕೊಳ್ಳುತ್ತೆ ಅನ್ನೋಕೆ ಪುರಾವೆ ಇಲ್ಲ. ಅಮೆರಿಕದಲ್ಲಿ ಸಿಒಪಿಡಿ ಇರೋ 62 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಕೊಬ್ಬಿನದಲ್ಲ, ಅಸ್ಥಿಮಜ್ಜೆಯ ಇದೇ ಬಗೆಯ ಸೆಲ್ ಕೊಟ್ಟು ನೋಡಿದ ಟ್ರಯಲ್ 2013ರಲ್ಲಿ ಪ್ರಕಟವಾಯ್ತು, ಉಸಿರಾಟದ ಟೆಸ್ಟಲ್ಲಿ ಸುಧಾರಣೆ ಕಾಣಲಿಲ್ಲ. ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಇಂಥದ್ದನ್ನ ಅನುಮತಿ ಪಡೆದ ಟ್ರಯಲ್ಲಲ್ಲಿ ಬಿಟ್ಟು ಚಿಕಿತ್ಸೆ ಅಂತ ಕೊಡೋ ಹಾಗಿಲ್ಲ, ಟ್ರಯಲ್ ಅಂದಮೇಲೆ ರೋಗಿ ಹತ್ರ ಅದಕ್ಕೆ ದುಡ್ಡೂ ಕೇಳಬಾರದು.

ಅದಿರ್ಲಿ, ಅಪ್ಪಾಜಿ ಇನ್ಹೇಲರ್ ಹೇಗೆ ತಗೋತಾರೆ ಅಂತ ಒಂದ್ಸಲ ಪಕ್ಕದಲ್ಲಿ ಕೂತು ನೋಡಿದೀರಾ? ಪಫ್ ಒತ್ತಿ ತಕ್ಷಣ ಬಾಯಿ ಬಿಟ್ರೆ ಔಷಧಿ ಹೊರಗೇ ಹೋಗುತ್ತೆ, ಹತ್ತು ಎಣಿಸೋವರೆಗೂ ಉಸಿರು ಹಿಡೀಬೇಕು, ಆಗದಿದ್ರೆ ಸ್ಪೇಸರ್ (ಇನ್ಹೇಲರ್‌ಗೆ ಸಿಗಿಸೋ ಕೊಳವೆ) ಕೇಳಿ. ಬೀಡಿ ಪೂರ್ತಿ ಬಿಡಿಸಿ, ಫ್ಲೂ ಮತ್ತೆ ನ್ಯುಮೋನಿಯಾ ಲಸಿಕೆ ಹಾಕಿಸಿ, ಶ್ವಾಸಕೋಶ ತಜ್ಞರ ಹತ್ರ ಪಲ್ಮನರಿ ರಿಹ್ಯಾಬ್ (ಉಸಿರಾಟ ಮತ್ತೆ ವ್ಯಾಯಾಮದ ತರಬೇತಿ) ಬಗ್ಗೆ ಕೇಳಿ. ಬಚ್ಚಲಲ್ಲಿ ಒಂದು ಸ್ಟೂಲ್ ಇಡಿ, ಕೂತು ಸ್ನಾನ ಮಾಡಿದ್ರೆ ಏದುಸಿರು ಕಮ್ಮಿ.