ಪುಸ್ತಕ ಮುಚ್ಚಿದ ಮೇಲಿನ ಓದು

ಪತ್ರದ ಸಾರ: ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ದಿನಾ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ ಹತ್ತಿ ಚಿಕ್ಕಮಗಳೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ರಾತ್ರಿ ಹನ್ನೊಂದಾದರೂ ಪುಸ್ತಕ ಬಿಡುವುದಿಲ್ಲ. ಪುಟಪುಟಕ್ಕೂ ಹಳದಿ ಗೆರೆ ಎಳೆದಿದ್ದಾಳೆ. ಆದರೆ ಕಿರುಪರೀಕ್ಷೆ ಬರೆದು ಬಂದಾಗಲೆಲ್ಲ ‘ಓದಿದ್ದು ಒಂದೂ ನೆನಪಾಗಲಿಲ್ಲ’ ಎಂದು ಅಳುತ್ತಾಳೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಲೇ? ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಅವಳಿಗೆ ಏನು ಸಹಾಯ ಮಾಡಬಲ್ಲೆ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಮಗಳು ಸೋಮಾರಿಯಲ್ಲ, ದಡ್ಡಿಯೂ ಅಲ್ಲ. ಮೊದಲು ಈ ಮಾತನ್ನು ಅವಳಿಗೆ ಹೇಳಿ. ಅಷ್ಟು ಹೊತ್ತು ಕೂರುವ ಹುಡುಗಿಗೆ ಇನ್ನೂ ಎರಡು ಗಂಟೆ ಹೆಚ್ಚು ಕೂರು ಎನ್ನುವುದರಲ್ಲಿ ಅರ್ಥವಿಲ್ಲ. ಅವಳ ಓದೆಲ್ಲ ಪುಸ್ತಕ ತೆರೆದುಕೊಂಡೇ ನಡೆಯುತ್ತಿದೆ, ಪರೀಕ್ಷೆ ನಡೆಯುವುದು ಪುಸ್ತಕ ಇಲ್ಲದೆ. ತೊಡಕು ಇರುವುದು ಇಲ್ಲಿ.

ಒಂದೇ ಪಾಠವನ್ನು ಮೂರನೆಯ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ. ಆ ಪರಿಚಯವನ್ನೇ ನಾವು ‘ಗೊತ್ತಿದೆ’ ಎಂದು ತಿಳಿಯುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳು ಸಣ್ಣ ಗದ್ಯಭಾಗಗಳನ್ನು ಓದಿದರು. ಕೆಲವನ್ನು ಮತ್ತೊಮ್ಮೆ ಓದಿದರು, ಕೆಲವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮೇಲುಗೈ: ಶೇ 81, ಬರೆದದ್ದು ಶೇ 75. ವಾರ ಕಳೆದು ಕೇಳಿದಾಗ ಲೆಕ್ಕ ತಿರುಗಿತ್ತು. ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ 42, ಬರೆದದ್ದರಲ್ಲಿ ಶೇ 56. ನಿಮ್ಮ ಮಗಳು ರಾತ್ರಿ ‘ಎಲ್ಲ ಬಂತು’ ಎಂದುಕೊಂಡು ಮಲಗುವುದೂ ಸುಳ್ಳಲ್ಲ, ಕೆಲವು ದಿನ ಕಳೆದು ಪರೀಕ್ಷೆಯಲ್ಲಿ ಕೈಖಾಲಿಯಾಗುವುದೂ ಸುಳ್ಳಲ್ಲ.

ಆದ್ದರಿಂದ ಪಾಠದ ಒಂದು ಭಾಗ ಓದಿದ ಕೂಡಲೇ ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ರಫ್ ಹಾಳೆಯಲ್ಲಿ ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ. ಮೊದಮೊದಲು ಹಾಳೆ ಅರ್ಧವೂ ತುಂಬುವುದಿಲ್ಲ, ಅವಳಿಗೆ ಬೇಸರವಾಗುತ್ತದೆ. ಆಗ ನೀವು ಪಕ್ಕದಲ್ಲಿರಬೇಕು. ತಡಕಾಡಿ ಹೊರತೆಗೆದ ವಿಷಯವೇ ಗಟ್ಟಿಯಾಗಿ ನಿಲ್ಲುತ್ತದೆ. ಹಳದಿ ಗೆರೆಯಿಂದ ಆ ಕೆಲಸ ಆಗುವುದಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಏಳನೆಯ ತರಗತಿ ಧಾರಾಳವಾಗಿ ಸಾಕು. ಹಿಂದೆ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಅಜ್ಜಿಯ ಮುಂದೆ ಕೂತು ಮಗ್ಗಿ ಒಪ್ಪಿಸುತ್ತಿದ್ದರಲ್ಲ, ಆ ಅಜ್ಜಿಯರಲ್ಲಿ ಅಕ್ಷರ ಬಾರದವರೂ ಇದ್ದರು. ಮಗಳು ಅಂದಿನ ಪಾಠವನ್ನು ನಿಮಗೆ ಒಪ್ಪಿಸಲಿ, ಆದರೆ ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಪಿಯುಸಿಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಅರ್ಥ ಬಿಟ್ಟು ಉರುಹೊಡೆಯುತ್ತಾರೆ. ನಡುವೆ ಒಂದು ಪದ ತಪ್ಪಿದರೆ ಇಡೀ ಉತ್ತರ ಕುಸಿಯುತ್ತದೆ. ಭೌತಶಾಸ್ತ್ರದ ವಿದ್ಯುತ್ ಪಾಠದಲ್ಲಿ ಬರುವ ಕಿರ್ಖಾಫನ ಎರಡು ನಿಯಮಗಳನ್ನೇ ತೆಗೆದುಕೊಳ್ಳಿ. ತಂತಿಗಳು ಕೂಡುವ ಜಾಗಕ್ಕೆ ಎಷ್ಟು ವಿದ್ಯುತ್ ಹರಿದು ಬರುತ್ತದೆಯೋ ಅಷ್ಟೇ ಹೊರಗೆ ಹೋಗುತ್ತದೆ ಎಂದು ಅವಳು ನಿಮಗೆ ಹೇಳಬಲ್ಲಳಾದರೆ ಮೊದಲನೆಯದು ಅವಳದಾಯಿತು. ಅದನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡುವುದು ಆಮೇಲಿನ, ಸಣ್ಣ ಕೆಲಸ. ನೀವು ‘ಯಾಕೆ ಹಾಗೆ?’ ಎಂದು ಕೇಳಿ. ನಿಮಗೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳಿ. ಅವಳು ತಡವರಿಸಿದ ಜಾಗ ಯಾವುದೋ, ಮರುದಿನ ಉಪನ್ಯಾಸಕರನ್ನು ಕೇಳಬೇಕಾದ ಪ್ರಶ್ನೆಯೂ ಅದೇ.

ಒಮ್ಮೆ ಒಪ್ಪಿಸಿದರೆ ಮುಗಿಯಲಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು 1885ರಲ್ಲಿ ಪುಸ್ತಕ ಬರೆದರು. ಮರೆವು ಮೊದಲ ದಿನವೇ ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಕಂಡುಕೊಂಡರು. ಒಂದೇ ದಿನ ಮತ್ತೆ ಮತ್ತೆ ಓದುವುದಕ್ಕಿಂತ, ಹಲವು ದಿನಗಳಿಗೆ ಹಂಚಿ ಓದುವುದು ಲಾಭ ಎಂಬುದೂ ಅವರಿಗೆ ತಿಳಿಯಿತು. ಇಂದಿನ ಪಾಠ ನಾಳೆ ಒಮ್ಮೆ, ನಾಲ್ಕಾರು ದಿನ ಬಿಟ್ಟು ಒಮ್ಮೆ, ತಿಂಗಳಿಗೊಮ್ಮೆ ಬರಲಿ. ಇದಕ್ಕೆ ಬಸ್ಸಿನ ಹೊತ್ತು ಸಾಕು. ನಮ್ಮ ತಿರುವು ರಸ್ತೆಗಳಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ. ಕಿಟಕಿಯಾಚೆ ನೋಡುತ್ತ ಹಿಂದಿನ ದಿನದ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲಿ, ಸಿಗದ ಅಂಶವನ್ನು ಇಳಿದ ಮೇಲೆ ನೋಡಿಕೊಳ್ಳಲಿ.

ಮೊಬೈಲ್ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಓದುವ ಹೊತ್ತಿನಲ್ಲಿ ಅದು ಅಡುಗೆಮನೆಯಲ್ಲಿರಲಿ.

ನಾಲ್ಕಕ್ಕೆ ಎಬ್ಬಿಸಬೇಡಿ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸಿಗುವುದು ಐದೇ ಗಂಟೆಯ ನಿದ್ದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯಾಗುವುದಕ್ಕೆ ನಿದ್ದೆಯೇ ಬೇಕು, ಅದನ್ನು ಕತ್ತರಿಸಿದರೆ ಓದನ್ನೇ ಕತ್ತರಿಸಿದಂತೆ. ಬೆಳಗಿನ ಜಾವವೇ ತನಗೆ ಒಗ್ಗುತ್ತದೆ ಎಂದು ಅವಳು ಹೇಳಿದರೆ ರಾತ್ರಿ ಎಂಟೂವರೆಗೇ ದೀಪ ಆರಿಸಿ. ಇಲ್ಲವಾದರೆ ಹತ್ತಕ್ಕೆ ಮಲಗಿ, ಬಸ್ಸಿಗೆ ಹೊತ್ತಾಗದ ಹಾಗೆ ಆರಕ್ಕೆ ಏಳಲಿ.