ಪೂಜೆ ಇಲ್ಲದ ದೇವರುಗಳಿಗೆ ಅಷ್ಟು ಪುಟ ಯಾಕೆ?

ಮೇಷ್ಟ್ರೇ, ನಮಸ್ಕಾರ.

ಗ್ರೀಕ್ ಪುರಾಣದ ವಿಶೇಷ ಸಂಚಿಕೆ ಓದಿ ನೀವು ಬೇಸರದಿಂದ ಬರೆದ ಪತ್ರ ತಲುಪಿತು. ಪೂಜೆ ಮಾಡುವವರೇ ಇಲ್ಲದ ದೇವರುಗಳಿಗೆ ಅಷ್ಟು ಪುಟ ಯಾಕೆ, ಅವರ ಪ್ರಭಾವ ಅಂದ್ರೆ ಈಗ ಫುಟ್‌ಬಾಲ್ ಕ್ಲಬ್ಬಿಗೋ ಶೂ ಕಂಪನಿಗೋ ಇಟ್ಟ ಹೆಸರು ಅಷ್ಟೇ ಅಲ್ವಾ ಎಂದು ಕೇಳಿದ್ದೀರಿ. ಹೆಸರಿನ ಮಾತು ನಿಜ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1900ರಲ್ಲಿ ಶುರುವಾದ ಕ್ಲಬ್ಬಿಗೆ ಏಜಾಕ್ಸ್ ಎಂದೇ ಹೆಸರು. ಆದರೆ ಆ ಏಜಾಕ್ಸ್‌ಗೆ ಏನಾಯಿತು ಅಂತ ಸ್ವಲ್ಪ ಕೇಳಿ.

ಟ್ರಾಯ್ ಯುದ್ಧದಲ್ಲಿ ಗ್ರೀಕರ ಕಡೆ ಅಕಿಲೀಸ್‌ನನ್ನು ಬಿಟ್ಟರೆ ಇವನೇ ದೊಡ್ಡ ವೀರ. ಅಕಿಲೀಸ್ ಸತ್ತ ಮೇಲೆ ಅವನ ಆಯುಧ, ಕವಚ ತನಗೇ ಸೇರಬೇಕು ಎಂದುಕೊಂಡಿದ್ದ. ಕೊಟ್ಟಿದ್ದು ಮಾತಿನ ಮಲ್ಲ ಒಡಿಸ್ಯೂಸ್‌ಗೆ. ಅವಮಾನ ತಡೆಯಲಾಗದೆ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ರಾತ್ರಿ ಹೊರಟ, ದಾರಿಯಲ್ಲಿ ದೇವತೆ ಅಥೀನಾ ಅವನಿಗೆ ಮಂಕು ಕವಿಸಿದಳು, ಶತ್ರುಗಳು ಅಂದುಕೊಂಡು ಅವನು ಕಡಿದದ್ದು ದನ, ಕುರಿಗಳನ್ನು. ಮಂಕು ಇಳಿದಾಗ ಡೇರೆ ತುಂಬಾ ರಕ್ತ. ಅವನ ಮಡದಿ ಟೆಕ್ಮೆಸ್ಸಾ ಮಗನ ಮುಖ ನೋಡು ಎಂದು ಬೇಡಿಕೊಂಡರೂ ಅವನು ನಿಲ್ಲಲಿಲ್ಲ, ತನ್ನ ಕತ್ತಿಯ ಮೇಲೇ ಬಿದ್ದು ಪ್ರಾಣ ಬಿಟ್ಟ.

ಎಕ್ಸೆಕಿಯಾಸ್ ಎಂಬ ಕಲಾವಿದ ಕ್ರಿ.ಪೂ. 530ರ ಆಸುಪಾಸಿನಲ್ಲಿ ಈ ಕಥೆಯನ್ನು ಒಂದು ಹೂಜಿಯ ಮೇಲೆ ಬರೆದ. ಅದು ಫ್ರಾನ್ಸ್‌ನ ಬೂಲೋನ್ ಮ್ಯೂಸಿಯಂನಲ್ಲಿದೆ. ಬೇರೆಯವರು ಕತ್ತಿ ಮೇಲೆ ಬಿದ್ದ ಹೆಣ ಬರೆದರೆ, ಇವನು ಹಿಡಿದದ್ದು ಅದಕ್ಕೂ ಮುಂಚಿನ ಗಳಿಗೆ. ಏಜಾಕ್ಸ್ ಕುಕ್ಕರಗಾಲಲ್ಲಿ ಕೂತು ಕತ್ತಿಯ ಹಿಡಿಯನ್ನು ನೆಲದಲ್ಲಿ ಹೂತು, ಅಲ್ಲಾಡದ ಹಾಗೆ ಮಣ್ಣು ಒತ್ತುತ್ತಿದ್ದಾನೆ, ಗಿಡ ನೆಡುವವರ ಹಾಗೆ. ಹಣೆಯಲ್ಲಿ ಸಣ್ಣ ಸುಕ್ಕುಗಳು. ಹತ್ತಿರ ಒಂದು ಮರ, ಅವನ ಗುರಾಣಿ. ಮನುಷ್ಯರು ಯಾರೂ ಇಲ್ಲ. ನನಗೆ ಆ ಕೈಗಳಿಂದ ಕಣ್ಣು ಕೀಳಲು ಆಗುವುದಿಲ್ಲ.

ನೂರು ವರ್ಷ ಕಳೆಯುವಷ್ಟರಲ್ಲಿ ಸೊಫೊಕ್ಲಿಸ್ ಇದನ್ನು ನಾಟಕ ಮಾಡಿದ. ಅವನೂ ಅಥೆನ್ಸಿನ ಸೇನಾಪತಿ ಆಗಿದ್ದವನು, ನೋಡಲು ಕೂತವರಲ್ಲೂ ಯುದ್ಧ ಮಾಡಿ ಬಂದವರೇ ಜಾಸ್ತಿ. 2008ರಲ್ಲಿ ಅಮೆರಿಕದ ನಾಟಕ ನಿರ್ದೇಶಕ ಬ್ರಯಾನ್ ಡೋರಿಸ್ ಅದೇ ನಾಟಕದ ದೃಶ್ಯಗಳನ್ನು ಸ್ಯಾನ್ ಡಿಯೆಗೊದಲ್ಲಿ ಮರೀನ್ ಸೈನಿಕರ ಮುಂದೆ ನಟರಿಂದ ಓದಿಸಿದರು. ಸೆಟ್ಟಿಲ್ಲ, ವೇಷವಿಲ್ಲ, ಸುಮ್ನೆ ಓದು. ಆಮೇಲಿನ ಮಾತುಕತೆ ಗಂಟೆಗಟ್ಟಲೆ ನಡೆಯಿತು, ಸೈನಿಕರ ಹೆಂಡತಿಯರೂ ಎದ್ದು ತಮ್ಮ ಮನೆಯೊಳಗಿನ ಕಥೆ ಹೇಳಿಕೊಂಡರು. ಡಾಕ್ಟರ ಮುಂದೆ ಬಾಯಿಬಿಡದವರಿಗೂ ಏಜಾಕ್ಸ್‌ನ ಹೆಸರಲ್ಲಿ ತಮ್ಮ ಸಂಕಟ ಹೇಳಿಕೊಳ್ಳಲು ಒಂದು ದಾರಿ ಸಿಕ್ಕಿತು. ನಾನು ಪ್ರಭಾವ ಅನ್ನುವುದು ಇದನ್ನು, ಮೇಷ್ಟ್ರೇ. ಕ್ಲಬ್ಬಿನ ಹೆಸರನ್ನಲ್ಲ.

ಇನ್ನೊಂದು ಮಾತು. ‘ನಮ್ಮದಲ್ಲದ ಕಥೆ’ ಎಂದಿದ್ದೀರಿ. ಬಿ.ಎಂ.ಶ್ರೀಯವರು ಇದೇ ನಾಟಕವನ್ನು ಕನ್ನಡಕ್ಕೆ ತಂದು ‘ಅಶ್ವತ್ಥಾಮನ್’ ಮಾಡಿದರು, 1929ರಲ್ಲಿ. ರಾತ್ರಿ ಹೊತ್ತು ಕತ್ತಿ ಹಿಡಿದು ಹೊರಟ ವೀರ ನಮ್ಮಲ್ಲೂ ಇದ್ದಾನೆ ಎಂದು ಅವರಿಗೆ ಕಂಡಿತ್ತು. ಮಹಾಭಾರತದ ಚಿರಂಜೀವಿ ಅವರ ನಾಟಕದಲ್ಲಿ ಸಾಯುತ್ತಾನೆ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಇವತ್ತಿಗೂ ಮಾಡುವಂಥದ್ದು. ನೀವು ಇಷ್ಟು ವರ್ಷ ಮಕ್ಕಳಿಗೆ ಭಾರತದ ಕಥೆ ಹೇಳಿದವರು, ಇದರ ಬಗ್ಗೆ ಒಂದು ಲೇಖನ ಬರೆದು ಕಳಿಸಿ. ನಿಮ್ಮ ಕೋಪ ಹಾಗೇ ಇರಲಿ, ಒಂದು ಅಕ್ಷರವನ್ನೂ ತಿದ್ದದೆ ಹಾಕುತ್ತೇನೆ.

– ಸಂಪಾದಕ