ಮನೆಗೆ ಬರುವ ಬ್ಯಾಲೆಟ್ಟೂ ಬೇಕು, ಬೂತೂ ಬೇಕು

ಮೂಡಿಗೆರೆಯಿಂದ ಸಿಯಾಟಲ್‌ಗೆ ಹೊಸದಾಗಿ ಬಂದಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಲ್ಲಿ ಓಟನ್ನು ಪೋಸ್ಟ್‌ನಲ್ಲಿ ಹಾಕ್ತಾರಂತೆ, ಅದನ್ನು ನಂಬಬಹುದಾ? ಊರಿನ ಎಲೆಕ್ಷನ್‌ಗೆ ಇಲ್ಲಿಂದಲೇ ಓಟು ಹಾಕಬಹುದಾ?

ಎರಡನೆಯದಕ್ಕೆ ಉತ್ತರ, ಆಗಲ್ಲ. ಹೊರದೇಶದಲ್ಲಿರುವ ಭಾರತೀಯ ಮತದಾರರ ಅರ್ಜಿ, ಅಂದರೆ ಫಾರಂ 6ಎ ತುಂಬಿದರೆ ಪಾಸ್‌ಪೋರ್ಟ್‌ನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರುತ್ತದೆ. ಆದರೆ ಪಾಸ್‌ಪೋರ್ಟ್ ಹಿಡಿದು ನೀವೇ ಬೂತಿಗೆ ಹೋಗಬೇಕು. ಇನ್ನೊಂದು ಮಾತು. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರ್ತೀರಾ ಅಂತ ಕೇಳಿದರೆ ಖಡಾಖಂಡಿತವಾಗಿ ಬೇಡ ಅನ್ನಿ. ವೀಸಾದಲ್ಲಿರುವವರು ಸೇರುವುದು ಕಾನೂನಿಗೆ ವಿರುದ್ಧ, ಮುಂದೆ ಗ್ರೀನ್ ಕಾರ್ಡಿಗೂ ಕುತ್ತು.

ಇನ್ನು ಪೋಸ್ಟ್ ಓಟು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಎಲೆಕ್ಷನ್‌ಗೆ ಕನಿಷ್ಠ 18 ದಿನ ಮೊದಲೇ ಬ್ಯಾಲೆಟ್ ಕಳಿಸುತ್ತಾರೆ. ಊಟ ಮುಗಿಸಿ, ಮೇಜಿನ ಮೇಲೆ ಹರಡಿಕೊಂಡು, ಶಾಲಾ ಮಂಡಳಿಗೆ ಯಾರು ನಿಂತಿದ್ದಾರೆ, ಜಡ್ಜ್ ಹುದ್ದೆಗೆ ಯಾರು ಅಂತ ನಿಧಾನವಾಗಿ ಓದಿ ಗುರುತು ಹಾಕುತ್ತೇವೆ. ಲಕೋಟೆಯ ಮೇಲೆ ಹಾಕಿದ ಸಹಿಯನ್ನು ಕಚೇರಿಯಲ್ಲಿರುವ ಸಹಿಯ ಜೊತೆ ತಾಳೆ ನೋಡುತ್ತಾರೆ. ಹೊಂದದಿದ್ದರೆ ಸುಮ್ನೆ ಬಿಸಾಕಲ್ಲ, ನಮ್ಮನ್ನು ಕೇಳುತ್ತಾರೆ. ಸ್ಟಾಂಪೂ ಬೇಡ. ನಾನು ಲೈಬ್ರರಿ ಮುಂದಿನ ಬ್ಯಾಲೆಟ್ ಡಬ್ಬಕ್ಕೇ ಹಾಕೋದು. ಎಲೆಕ್ಷನ್ ದಿನ ರಾತ್ರಿ 8ಕ್ಕೆ ಅದಕ್ಕೆ ಬೀಗ ಬೀಳುತ್ತದೆ. ಓಟು ತಲುಪಿತಾ ಅಂತ ಆನ್‌ಲೈನ್‌ನಲ್ಲಿ ನೋಡಬಹುದು. ಹಾಗಾಗಿ ನನಗೆ ನಂಬಿಕೆ ಇದೆ.

ಹಾಗಂತ ಬೂತೇ ಬೇಡ ಅನ್ನುವವರ ಮಾತು ನಾನು ಒಪ್ಪಲ್ಲ. ಮನೆ ಬದಲಿಸಿದವರ ಬ್ಯಾಲೆಟ್ ಹಳೆ ವಿಳಾಸಕ್ಕೆ ಹೋಗಿರುತ್ತದೆ. ಕಣ್ಣು ಕಾಣದವರು ಬೇರೆಯವರ ಕೈಲಿ ಬರೆಸದೆ ಓಟು ಹಾಕಲು ಯಂತ್ರ ಬೇಕು. ಎಲ್ಲಕ್ಕಿಂತ ದೊಡ್ಡದು, ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತು 'ಇಲ್ಲಿ ಹಾಕು' ಅನ್ನುವ ಮನೆಗಳೂ ಇವೆ, ಅಲ್ವಾ? ಬೂತಿನ ಮರೆಯಲ್ಲಿ ಅವಳೊಬ್ಬಳೇ ಇರುತ್ತಾಳೆ. ಇಲ್ಲಿ ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯ ಥರ) ಮತದಾನ ಕೇಂದ್ರ ಇದೆ. ಎಲೆಕ್ಷನ್ ದಿನವೇ ಹೋಗಿ ಹೆಸರು ಸೇರಿಸಿ ಓಟು ಹಾಕಬಹುದು. ಅಂಥವು ಇನ್ನೂ ಜಾಸ್ತಿ ಆಗಬೇಕು.

ನಮ್ಮ ಕಡೆಯೂ ಮನೆಯಿಂದ ಓಟು ಹಾಕೋದು ಶುರುವಾಗಿದೆ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಲ್ಲೇ ಓಟು ಹಾಕಲು ಬಿಟ್ಟರು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದರು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೂ ಉಂಟು. ಸಕಲೇಶಪುರದ ಹತ್ತಿರ ನಮ್ಮ ದೊಡ್ಡಮ್ಮನ ತೋಟದ ಮನೆಗೆ ಜೀಪು ಬಿಟ್ಟರೆ ಬೇರೆ ಗಾಡಿ ಹೋಗಲ್ಲ. ಸಿಬ್ಬಂದಿ ಅಲ್ಲಿಗೇ ಬಂದು, ಜಗಲಿಯಲ್ಲಿ ರಟ್ಟಿನ ಮರೆ ಇಟ್ಟು, ಎಲ್ಲರನ್ನೂ ದೂರ ನಿಲ್ಲಿಸಿದರು. ದೊಡ್ಡಮ್ಮ ಗುರುತು ಹಾಕಿ, ಲಕೋಟೆ ತಾವೇ ಅಂಟಿಸಿ ಕೊಟ್ಟರು. ಪಕ್ಕದ ತೋಟದ 80 ದಾಟಿದ ಅಜ್ಜಿ ಮಾತ್ರ ಮಂಡಿನೋವು ಇಟ್ಟುಕೊಂಡೇ ಬೂತಿಗೆ ಹೋಗಬೇಕಾಯಿತು. ವಯಸ್ಸು ಏರಿಸಿದ್ದು ನನಗೆ ಸರಿ ಕಾಣಲಿಲ್ಲ. ಮಲೆನಾಡಿನಲ್ಲಿ ಇಳಿಸಬೇಕಿತ್ತು.

ನಿಮ್ಮ ಅಜ್ಜಿಗೆ 85 ಆಗಿದ್ದರೆ, ಎಲೆಕ್ಷನ್ ಅಧಿಸೂಚನೆ ಬಂದ 5 ದಿನದೊಳಗೆ ಮನೆಯಲ್ಲೇ ಓಟು ಹಾಕುವ ಅರ್ಜಿ, ಫಾರಂ 12ಡಿ ಕೊಡಬೇಕು ಅಂತ ಮನೆಯವರಿಗೆ ಹೇಳಿಡಿ. ಒಮ್ಮೆ ಅದು ಮಂಜೂರಾದರೆ ಬೂತಿನಲ್ಲಿ ಓಟು ಹಾಕಲು ಬಿಡಲ್ಲ. ಅದಕ್ಕೇ ಮೊದಲು ಅಜ್ಜಿಯನ್ನು ಕೇಳಿ. ಬೂತಿಗೇ ಹೋಗ್ತೀನಿ ಅಂದರೆ ಗಾಡಿ ಮಾಡಿಸಿ ಕರೆದುಕೊಂಡು ಹೋಗಲಿ.